ಒಂದೇ ಕಲ್ಲಿನಲ್ಲಿ ಕವಿ ಮತ್ತು ಶಿಲ್ಪಿ

ಹೊಸ ಕವನಸಂಕಲನವೊಂದು ಪ್ರಕಟವಾದರೆ ಅದರ ವಿಮರ್ಶೆ ಪತ್ರಿಕೆಯ ಒಂದು ಮೂಲೆಯಲ್ಲಿ ಬರುತ್ತದೆ. ಶಿಲ್ಪ, ಸಂಗೀತ, ನಾಟಕಗಳ ಮಾತು ಬೇರೆ ಮೂಲೆಗಳಲ್ಲಿ. ಈ ವಿಂಗಡಣೆ ಈಗ ನಮಗೆ ಸಹಜವೆನಿಸಿದೆ. ಆದರೆ ಕನ್ನಡ ಕಾವ್ಯ ಬಹುಕಾಲ ಹೀಗೆ ಒಂಟಿಯಾಗಿ ಬಾಳಲಿಲ್ಲ. ಬೆಳಗಾವಿಯ ಕೋಟೆಯೊಳಗಿನ ಕಮಲಬಸದಿ ಇದಕ್ಕೆ ಒಳ್ಳೆಯ ಸಾಕ್ಷಿ.

ಬೆಳಗಾವಿಯ ಹಳೆಯ ಹೆಸರು ವೇಣುಗ್ರಾಮ. ರಟ್ಟ ಅರಸ ನಾಲ್ಕನೆಯ ಕಾರ್ತವೀರ್ಯನು ತಮ್ಮ ಮಲ್ಲಿಕಾರ್ಜುನನೊಡನೆ ಇಲ್ಲಿಂದ ಆಳುತ್ತಿದ್ದ. ಅವನ ಮಂತ್ರಿ ಬೀಚಿರಾಜ 1204ರ ಸುಮಾರಿಗೆ ಇಲ್ಲಿ ಜಿನಾಲಯ ಕಟ್ಟಿಸಿದ. ಕಮಲಬಸದಿಯೇ ಅದೆಂದು ಸಾಮಾನ್ಯವಾಗಿ ಗುರುತಿಸುತ್ತಾರೆ. ಮಂಟಪದ ಛಾವಣಿಯಿಂದ ಕೆಳಮುಖವಾಗಿ ಅರಳಿದ ಕಲ್ಲಿನ ಕಮಲವೇ ಅದಕ್ಕೆ ಹೆಸರು ತಂದಿತು.

ಈ ಜಿನಾಲಯಕ್ಕೆ ಕೊಟ್ಟ ದಾನಗಳನ್ನು ಶಕವರ್ಷ 1127ರ ಶಾಸನಗಳು ಹೇಳುತ್ತವೆ. ಇದರ ಪದ್ಯಗಳ ಕರ್ತೃ ‘ಕವಿಕಂದರ್ಪ’ನೆನಿಸಿದ ಬಾಲಚಂದ್ರ. ಭೂಮಿ ಯಾರದು, ಗಡಿ ಯಾವುದು ಎಂದಷ್ಟೇ ಬರೆಯಲು ಕವಿಯೇಕೆ ಬೇಕು? ಶಾಸನವೆಂದರೆ ಬರೀ ಕಾಗದಪತ್ರವಲ್ಲ. ದೇವತಾಸ್ತುತಿ, ವಂಶದ ಹೊಗಳಿಕೆ, ನಾಡಿನ ವರ್ಣನೆ, ಕೊನೆಗೆ ದಾನವನ್ನು ಅಳಿದವನಿಗೆ ಶಾಪ, ಇವೆಲ್ಲ ಅದರಲ್ಲಿ ಸೇರುತ್ತಿದ್ದವು. ಕವಿ ಕಟ್ಟಿದ ಪದ್ಯವನ್ನು ಕಲ್ಲುಕುಟಿಗ ಅಕ್ಷರವಾಗಿಸುತ್ತಿದ್ದ. ಬಸದಿ ನೋಡಲು ಬಂದವನೆದುರು ಪದ್ಯವೂ ನಿಂತಿರುತ್ತಿತ್ತು. ಅದೇ ದೊರೆಯ ಆಶ್ರಯದಲ್ಲಿ ಪಾರ್ಶ್ವಪಂಡಿತ ಪಾರ್ಶ್ವನಾಥಪುರಾಣವೆಂಬ ಚಂಪೂಕಾವ್ಯ ಬರೆದ. ಚಂಪೂಕವಿಗಳು ಕಾವ್ಯದ ಮೊದಲಿಗೇ ಪೂರ್ವಕವಿಗಳನ್ನು ನೆನೆಯುವ ವಾಡಿಕೆಯೂ ಒಂದು ಬಗೆಯ ವಿಮರ್ಶೆಯೇ.

ಖಾನಾಪುರ ತಾಲ್ಲೂಕಿನ ಹಲಸಿ, ಅಂದಿನ ಪಲಾಶಿಕಾ, ಇನ್ನೂ ಹಳೆಯ ಕಥೆ ಹೇಳುತ್ತದೆ. ಐದನೆಯ ಶತಮಾನದ ಕದಂಬ ಕಾಕುಸ್ಥವರ್ಮನ ತಾಮ್ರಪಟ ಸಂಸ್ಕೃತದಲ್ಲಿದೆ. ತನ್ನನ್ನು ಕಾಪಾಡಿದ ಸೇನಾಪತಿ ಶ್ರುತಕೀರ್ತಿಗೆ ಹೊಲ ಕೊಟ್ಟದ್ದು ಅದರ ವಿಷಯ. ತಾಮ್ರಪಟ ದಾನ ಪಡೆದವನ ಮನೆಯಲ್ಲಿ ಉಳಿಯುವಂಥದು. ಶಿಲಾಶಾಸನ ಊರೆಲ್ಲರ ಕಣ್ಣಿಗೆ ಬೀಳುವಂಥದು. ಮುಂದೆ ಗೋವೆಯ ಕದಂಬರ ಕಾಲದಲ್ಲಿ ಇದೇ ಊರಿನಲ್ಲಿ, ಎದುರುಬದುರಾದ ಎರಡು ಗರ್ಭಗುಡಿಗಳ ಭೂವರಾಹ ನರಸಿಂಹ ದೇವಾಲಯ ಬೆಳೆಯಿತು. ಭೂವರಾಹನನ್ನು ವಿಜಯಾದಿತ್ಯ 1186-87ರಲ್ಲಿ ಪ್ರತಿಷ್ಠಾಪಿಸಿದ.

ಈ ಸಹವಾಸ ಕಡಿದದ್ದು ಹೇಗೆ? ಬೆಳಗಾವಿಯ ಆ ಶಾಸನಗಳು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂ ಸೇರಿದವು. ಬಾರ್ನೆಟ್ ಎಂಬ ವಿದ್ವಾಂಸ ಅವನ್ನು ಎಪಿಗ್ರಾಫಿಯಾ ಇಂಡಿಕಾದಲ್ಲಿ ಪ್ರಕಟಿಸಿದ. ಬಸದಿ ಇಲ್ಲೇ ಉಳಿಯಿತು. ಕಲ್ಲು ದೂರವಾದದ್ದಕ್ಕಿಂತ ದೊಡ್ಡ ಅಗಲಿಕೆ ಓದಿನಲ್ಲಾಯಿತು. ಇತಿಹಾಸಕಾರರು ತೇದಿ, ವಂಶಾವಳಿಗಳನ್ನು ಆಯ್ದುಕೊಂಡು ವರ್ಣನೆಯನ್ನು ಉತ್ಪ್ರೇಕ್ಷೆಯೆಂದು ಬದಿಗಿಟ್ಟರು. ಶಿಲ್ಪದ ಅಭ್ಯಾಸಿಗಳು ಕಮಲವನ್ನು ನೋಡಿದರು. ಬಾಲಚಂದ್ರನನ್ನು ಕವಿಯಾಗಿ ಓದುವವರು ಕಡಿಮೆಯಾದರು.

ಹೊಸ ಸಂಕಲನವನ್ನು ಕೈಗೆತ್ತಿಕೊಳ್ಳುವ ವಿಮರ್ಶಕನಿಗೆ ಇಲ್ಲಿ ಪಾಠವಿದೆ. ಬೆಳಗಾವಿ ಸಂಗೀತದ ಸೀಮೆಯೂ ಹೌದು. ಕುಮಾರ ಗಂಧರ್ವರು 1924ರಲ್ಲಿ ಹುಟ್ಟಿದ್ದು ಸಮೀಪದ ಸುಳೇಭಾವಿಯಲ್ಲಿ. ಈ ಕವಿತೆಯನ್ನು ಹಾಡಿದರೆ ಹೇಗೆ ಕೇಳಿಸೀತು, ಯಾವ ಕಟ್ಟಡದ, ಯಾವ ಬೀದಿಯ ನೆನಪು ಇದರಲ್ಲಿದೆ ಎಂದು ಕೇಳುವುದು ಕವಿತೆಯಿಂದಾಚೆ ಹೋದಂತಲ್ಲ. ಅದು ಹುಟ್ಟಿದ ಮನೆಗೇ ಹಿಂದಿರುಗಿದಂತೆ.