ಚೀಲದ ತಳದಲ್ಲಿ ನಿಂತ ನೀರು, ಮತ್ತು ಹೆಂಚು ಹೂಳಿದ ರೈತನ ಕಥೆ

ಈ ಸಲದ ಬರಹ ಸ್ವಲ್ಪ ಉದ್ದ ಇದೆ. ಸಂಜೆ ಕೊಟ್ಟಿಗೆ ಕೆಲಸ ಮುಗಿಸಿ ನಿಧಾನಕ್ಕೆ ಓದಿ.

ಹೋದ ವರ್ಷ ಚಿತ್ತೆ ಮಳೆಯಲ್ಲಿ ನನ್ನ ಗ್ರೋಬ್ಯಾಗ್ ಶುಂಠಿ ಕೊಳೆತುಹೋದದ್ದು ನಿಮ್ಮಲ್ಲಿ ಕೆಲವರಿಗೆ ಗೊತ್ತು. ಅಂಗಳದ ಪಕ್ಕ ಅರವತ್ತು ಚೀಲ ಇಟ್ಟಿದ್ದೆ. ಇನ್ನು ಮೂರು ವಾರಕ್ಕೆ ಹಸಿ ಶುಂಠಿ ಕೀಳೋಣ ಅಂತಿದ್ದಾಗ ನಾಲ್ಕು ದಿನ ಬಿಡದೆ ಸುರಿಯಿತು. ಐದನೇ ದಿನ ಬಿಸಿಲು ಬಂತು, ಗಿಡ ಎಲ್ಲಾ ಬಾಡಿದ ಹಾಗೆ ಕಂಡಿತು. ಬಾಡಿದೆ ಅಂದ್ರೆ ನೀರು ಬೇಕು ಅಂತ ತಿಳಿದು ನಾನೇ ಒಂದೊಂದು ಚೊಂಬು ನೀರು ಹಾಕಿದೆ. ಅದಾಗಿ ವಾರಕ್ಕೆ ದಂಟು ಹಿಡಿದು ಎಳೆದರೆ ಬುಡದಿಂದ ಕಿತ್ತು ಕೈಗೇ ಬಂತು, ಕೊಳೆತ ವಾಸನೆ. ಉಳಿದದ್ದು ಹತ್ತೊಂಬತ್ತು ಚೀಲ.

ಆ ಹತ್ತೊಂಬತ್ತು ಯಾಕೆ ಉಳಿದವು ಅನ್ನೋದೇ ನನಗೆ ನಿದ್ದೆ ಕೆಡಿಸಿದ ಪ್ರಶ್ನೆ. ನೀರು ಚೆನ್ನಾಗಿ ಬಸಿಯಲಿ ಅಂತ ಚೀಲದ ತಳಕ್ಕೆ ಮೂರು ಇಂಚು ಜಲ್ಲಿ ಹಾಕಿದ್ದೆ. ಕೊನೆಯ ಸಾಲಿಗೆ ಜಲ್ಲಿ ಸಾಲಲಿಲ್ಲ, ಬರೀ ಮಣ್ಣು ತುಂಬಿ ಉಳಿದ ಜಂಬಿಟ್ಟಿಗೆ ಕಲ್ಲಿನ ಮೇಲೆ ಇಟ್ಟಿದ್ದೆ. ಉಳಿದದ್ದು ಆ ಸಾಲು! ಜಲ್ಲಿ ಹಾಕಿದ್ದು ಹೋಯಿತು, ಹಾಕದೇ ಇದ್ದದ್ದು ಉಳಿಯಿತು. ಇದರ ಉತ್ತರ ಹುಡುಕುತ್ತಾ ಹೋದವನಿಗೆ ಸಿಕ್ಕಿದ್ದು ಇನ್ನೂರು ವರ್ಷದ ಒಂದು ಕಥೆ.

ಕಥೆ ಶುರುವಾಗೋದು ಸ್ಕಾಟ್ಲೆಂಡಿನಲ್ಲಿ. ನಮ್ಮ ಮಲೆನಾಡಿನ ಹಾಗೆ ಅದೂ ಮಳೆ ದೇಶ, ಜೊತೆಗೆ ಚಳಿ, ಅಂಟು ಜೇಡಿ ಮಣ್ಣು. ಅಲ್ಲಿ ಡೀನ್‌ಸ್ಟನ್ ಅನ್ನೋ ಊರಲ್ಲಿ ಹತ್ತಿ ಗಿರಣಿ ನೋಡಿಕೊಳ್ಳುತ್ತಿದ್ದ ಜೇಮ್ಸ್ ಸ್ಮಿತ್ ಅನ್ನುವವನು 1831ರಲ್ಲಿ ಒಂದು ಚಿಕ್ಕ ಪುಸ್ತಕ ಬರೆದ. ಅಲ್ಲಿಯವರೆಗೆ ಜನ ನೀರು ಕಣ್ಣಿಗೆ ಕಂಡ ಕಡೆ ಮಾತ್ರ ಕಾಲುವೆ ತೋಡುತ್ತಿದ್ದರು. ಸ್ಮಿತ್ ಹೇಳಿದ್ದು ಬೇರೆ: ನೀರು ಕಾಣಲಿ ಬಿಡಲಿ, ಇಡೀ ಹೊಲಕ್ಕೆ ಸಮ ಅಂತರದಲ್ಲಿ, ಸುಮಾರು ಎರಡೂವರೆ ಅಡಿ ಆಳಕ್ಕೆ ಸಾಲಾಗಿ ಚರಂಡಿ ತೋಡಿ, ಒಳಗೆ ಕಲ್ಲು ತುಂಬಿ ಮುಚ್ಚಿ ಅಂತ. ಬೆಳೆಗೆ ಕೆಡುಕು ಮಾಡೋದು ಮೇಲೆ ಹೊಳೆಯುವ ನೀರಲ್ಲ, ಬೇರಿನ ಮಟ್ಟದಲ್ಲಿ ಅಡಗಿ ಕೂತ ನೀರು. ನಮ್ಮ ಅಡಿಕೆ ತೋಟದ ಬಸಿಗಾಲುವೆ ಮಾಡೋದೂ ಇದೇ ಕೆಲಸ. ಅವರದ್ದು ಮುಚ್ಚಿದ ಕಾಲುವೆ, ನಮ್ಮದು ತೆರೆದದ್ದು, ಅಷ್ಟೇ ವ್ಯತ್ಯಾಸ.

ಅದೇ ಸ್ಕಾಟ್ಲೆಂಡಿನಲ್ಲಿ 1791ರಲ್ಲಿ ಹುಟ್ಟಿದ ಜಾನ್ ಜಾನ್‌ಸ್ಟನ್ ಅನ್ನೋ ರೈತ 1821ರಲ್ಲಿ ಅಮೆರಿಕಕ್ಕೆ ಹೋಗಿ, ನ್ಯೂಯಾರ್ಕ್ ರಾಜ್ಯದ ಜಿನೀವಾ ಊರಿನ ಹತ್ತಿರ, ಸೆನೆಕಾ ಸರೋವರದ ಪಕ್ಕ ಜಮೀನು ಹಿಡಿದ. ಜೇಡಿ ಮಣ್ಣಿನ ಜಮೀನು. ಗೋಧಿ ಹಾಕಿದರೆ ಚಳಿಗಾಲ ಮುಗಿಯುವ ಹೊತ್ತಿಗೆ ನೀರು ನಿಂತು ಪೈರು ಸಾಯುತ್ತಿತ್ತು. 1835ರಲ್ಲಿ ತವರಿನಿಂದ ಚರಂಡಿ ಹೆಂಚಿನ ಮಾದರಿ ತರಿಸಿಕೊಂಡ. ಪಕ್ಕದ ವಾಟರ್‌ಲೂ ಊರಿನಲ್ಲಿ ಮಣ್ಣಿನ ಕೆಲಸ ಮಾಡುವವರಿಂದ ಅದೇ ಥರದ್ದು ಕೈಯಲ್ಲೇ ಮಾಡಿಸಿ, 1838ರಲ್ಲಿ ಹೊಲದಲ್ಲಿ ಸಾಲಾಗಿ ಹೂಳಿದ.

ಅಕ್ಕಪಕ್ಕದವರು ಏನಂದಿರಬಹುದು ಅಂತ ನಿಮಗೇ ಗೊತ್ತು. ಇವನು ದುಡ್ಡು ಕೊಟ್ಟು ಮಡಕೆ ಕುಡಿಕೆ ಮಾಡಿಸಿ ಮಣ್ಣಲ್ಲಿ ಹೂಳ್ತಾನೆ ಅಂತ ನಕ್ಕರು. ಎಕರೆಗೆ 12 ಬುಶೆಲ್ ಬರುತ್ತಿದ್ದ ಗೋಧಿ 60ರವರೆಗೆ ಏರಿತು ಅಂತ ಅವನ ಬಗ್ಗೆ ಬರೆದವರು ಹೇಳ್ತಾರೆ. ಅಷ್ಟು ಬೆಳೆ ನೋಡಿದ ಮೇಲೆ ನಗು ನಿಂತಿತು. 1851ರ ಹೊತ್ತಿಗೆ 16 ಮೈಲಿ ಹೆಂಚು ಹೂಳಿದ್ದ, ಕೊನೆಗೆ 320 ಎಕರೆಯಲ್ಲಿ 72 ಮೈಲಿ. ನಕ್ಕವರ ಊರಿನಲ್ಲೇ ಅವನ ಮನೆಯನ್ನು ಈಗ ಚರಂಡಿ ಹೆಂಚುಗಳ ಮ್ಯೂಸಿಯಂ ಮಾಡಿ ಇಟ್ಟಿದ್ದಾರೆ.

ಇಷ್ಟು ಮಾಡಲು ದುಡ್ಡು ಎಲ್ಲಿಂದ ಅಂತ ಕೇಳ್ತೀರಿ. ಬ್ರಿಟನ್ನಿನಲ್ಲಿ ಆಗ ಇಟ್ಟಿಗೆ, ಹೆಂಚಿಗೆ ತೆರಿಗೆ ಇತ್ತು. 1826ರಲ್ಲಿ ಒಂದು ಕಾನೂನು ತಂದು, ಮೈಮೇಲೆ 'ಡ್ರೇನ್' ಅಂತ ಅಚ್ಚು ಒತ್ತಿದ ಹೆಂಚಿಗೆ ತೆರಿಗೆ ಬಿಟ್ಟರು. ಆ ಅಚ್ಚಿನ ಹಳೇ ಹೆಂಚು ಇವತ್ತಿಗೂ ಅಲ್ಲಿ ಉಳುವಾಗ ಸಿಗುತ್ತವೆ. 1840ರ ದಶಕದಲ್ಲಿ ಕೊಳವೆ ಒತ್ತುವ ಯಂತ್ರ ಬಂತು, ರೇಟು ಇಳಿಯಿತು. 1846ರಲ್ಲಿ ಹೊರಗಿನ ಧಾನ್ಯದ ಮೇಲಿನ ಸುಂಕ ತೆಗೆಯಲು ಹೊರಟ ಸರ್ಕಾರ, ರೈತರನ್ನು ಸಮಾಧಾನ ಮಾಡಲು ಬಸಿಗಾಲುವೆಗೇ ಅಂತ ಸಾಲದ ಕಾನೂನನ್ನೂ ಮಾಡಿತು. ಬೆಂಬಲ ಬೆಲೆ ಗಲಾಟೆ, ಸಾಲದ ಯೋಜನೆ ನಮ್ಮ ಕಾಲದ್ದು ಅಂದುಕೊಂಡಿದ್ದೆವು ನಾವು.

ಆದರೆ ನೀರು ಮಣ್ಣಿನಿಂದ ಯಾಕೆ ಬಿಡುತ್ತೆ, ಯಾಕೆ ಬಿಡಲ್ಲ? ಇದರ ಲೆಕ್ಕ ಸಿಕ್ಕಿದ್ದು ತಡವಾಗಿ. ಅಮೆರಿಕದ ಮಣ್ಣು ಇಲಾಖೆಯಲ್ಲಿದ್ದ ಎಡ್ಗರ್ ಬಕಿಂಗ್‌ಹ್ಯಾಮ್ 1907ರಲ್ಲಿ ಬರೆದ ವರದಿ ಅದಕ್ಕೆ ಬುನಾದಿ ಹಾಕಿತು. ನಮ್ಮ ಭಾಷೆಯಲ್ಲಿ ಹೇಳಬೇಕಂದ್ರೆ, ಮಣ್ಣಿನ ಸಣ್ಣ ಸಂದುಗಳು ನೀರನ್ನು ಬತ್ತಿ ಎಣ್ಣೆ ಹಿಡಿದ ಹಾಗೆ ಹಿಡಿದುಕೊಳ್ಳುತ್ತವೆ. ಸಂದು ಸಣ್ಣದಾದಷ್ಟೂ ಹಿಡಿತ ಜಾಸ್ತಿ. ಸಣ್ಣ ಸಂದಿನಲ್ಲಿರುವ ನೀರು ಕೆಳಗಿನ ದೊಡ್ಡ ಸಂದಿಗೆ, ಅಂದ್ರೆ ಜಲ್ಲಿಗೆ, ಸುಮ್ಮನೆ ಇಳಿಯೋದಿಲ್ಲ. ಮೇಲಿನ ಮಣ್ಣು ಪೂರಾ ನೆನೆದು ತುಂಬಿದ ಮೇಲೆ ಮಾತ್ರ ತೊಟ್ಟಿಕ್ಕುತ್ತೆ. ಆಮೇಲೂ ಮಣ್ಣಿನ ತಳದಲ್ಲಿ ಇಂತಿಷ್ಟು ಎತ್ತರ ನೀರು ಉಳಿದೇ ಉಳಿಯುತ್ತೆ. ಆ ಎತ್ತರ ಎಷ್ಟು ಅನ್ನೋದು ಮಣ್ಣಿನ ಸಂದಿನ ಮೇಲೆ ನಿಂತಿದೆ, ಕುಂಡದ ಎತ್ತರದ ಮೇಲಲ್ಲ.

ಈಗ ನನ್ನ ತಪ್ಪು ನೋಡಿ. ಗದ್ದೆಯಲ್ಲಾದರೆ ಆ ತೇವದ ಪದರ ಆಳದಲ್ಲಿರುತ್ತೆ, ಮೇಲಿನ ಬೇರಿಗೆ ತೊಂದರೆ ಇಲ್ಲ. ಒಂದಡಿ ಎತ್ತರದ ಚೀಲದಲ್ಲಿ ಅದು ಚೀಲದ ದೊಡ್ಡ ಪಾಲನ್ನೇ ನುಂಗುತ್ತೆ. ಅದರಲ್ಲಿ ಮೂರು ಇಂಚು ಜಲ್ಲಿ ಹಾಕಿದರೆ ನೀರಿನ ಪದರ ಕಡಿಮೆ ಆಗಲ್ಲ, ಮೂರು ಇಂಚು ಮೇಲಕ್ಕೆ, ಗೆಡ್ಡೆಯ ಹತ್ತಿರಕ್ಕೆ ಬರುತ್ತೆ. ನಂಬಿಕೆ ಬರದಿದ್ದರೆ ಪಾತ್ರೆ ತೊಳೆಯುವ ಸ್ಪಂಜು ತಗೊಳ್ಳಿ. ಪೂರಾ ನೆನೆಸಿ ಅಂಗೈ ಮೇಲೆ ಅಡ್ಡ ಹಿಡಿಯಿರಿ, ತೊಟ್ಟಿಕ್ಕುವುದು ನಿಲ್ಲಲಿ. ಈಗ ಅದನ್ನೇ ಉದ್ದಕ್ಕೆ ನಿಲ್ಲಿಸಿ. ಮತ್ತೆ ನೀರು ಸುರಿಯುತ್ತೆ! ಸ್ಪಂಜು ಅದೇ, ಎತ್ತರ ಮಾತ್ರ ಬದಲಾಯಿತು.

ಕುಂಡದ ಮಣ್ಣಿಗೆ ಸರಿಯಾದ ಹದ ಹುಡುಕಿದ ಕಥೆಯೂ ಒಂದು ನಷ್ಟದಿಂದಲೇ ಶುರುವಾದದ್ದು. 1930ರ ದಶಕದಲ್ಲಿ ಲಂಡನ್ ಪಕ್ಕದ ಮರ್ಟನ್‌ನಲ್ಲಿದ್ದ ಜಾನ್ ಇನ್ಸ್ ತೋಟಗಾರಿಕೆ ಸಂಸ್ಥೆಯಲ್ಲಿ ಪ್ರಯೋಗಕ್ಕೆ ಬೆಳೆಸಿದ್ದ ಪ್ರಿಮುಲಾ ಹೂವಿನ ಸಸಿಗಳು ರಾಶಿ ರಾಶಿ ಸತ್ತವು. ಆಗಿನ ತೋಟಗಾರರು ಒಂದೊಂದು ಗಿಡಕ್ಕೆ ಒಂದೊಂದು ಮಣ್ಣು ಮಾಡಿ, ಅದನ್ನು ಗುಟ್ಟಾಗಿ ಇಡುತ್ತಿದ್ದರು. ಅಲ್ಲಿನ ವಿಲಿಯಂ ಲಾರೆನ್ಸ್ ಮತ್ತು ಜಾನ್ ನ್ಯೂವೆಲ್ ಹಲವು ವರ್ಷ ಪ್ರಯೋಗ ಮಾಡಿ, ಎಲ್ಲಾ ಗಿಡಕ್ಕೂ ಆಗುವ ಒಂದು ಹದ ಕಂಡುಹಿಡಿದರು: ಅಳತೆಯಲ್ಲಿ 7 ಪಾಲು ಹಬೆಯಲ್ಲಿ ಬಿಸಿ ಮಾಡಿದ ಒಳ್ಳೆ ಮಣ್ಣು, 3 ಪಾಲು ಪೀಟ್, 2 ಪಾಲು ದಪ್ಪ ಮರಳು, ಜೊತೆಗೆ ಗೊಬ್ಬರ. ದಪ್ಪ ಮರಳು ಸಂದಿಗೆ, ಹಬೆ ರೋಗಕ್ಕೆ. ಸಂಸ್ಥೆ ಇದನ್ನು ತಾನು ಚೀಲ ಕಟ್ಟಿ ಮಾರಲಿಲ್ಲ, ಲೆಕ್ಕವನ್ನೇ ಎಲ್ಲರಿಗೂ ಬಿಟ್ಟುಕೊಟ್ಟಿತು. ಇದು ನನಗೆ ಬಹಳ ಇಷ್ಟವಾದ ಮಾತು.

ಹಬೆ ಯಾಕೆ ಅಂದ್ರೆ, ನೀರು ನಿಂತ ಮಾತ್ರಕ್ಕೆ ಬೇರು ಕೊಳೆಯೋದಿಲ್ಲ. ಮೊದಲು ಉಸಿರು ಕಟ್ಟುತ್ತೆ. ಆಮ್ಲಜನಕ ಗಾಳಿಗಿಂತ ನೀರಿನಲ್ಲಿ ಸುಮಾರು ಹತ್ತು ಸಾವಿರ ಪಟ್ಟು ನಿಧಾನಕ್ಕೆ ಹರಡುತ್ತೆ. ಉಸಿರು ಕಟ್ಟಿದ ಬೇರು ನೀರು ಎಳೆಯೋದು ನಿಲ್ಲಿಸುತ್ತೆ, ಅದಕ್ಕೇ ನೀರಿನಲ್ಲಿ ನಿಂತ ಗಿಡ ಬಾಡಿದ ಹಾಗೆ ಕಾಣೋದು. ಆಮೇಲೆ ನೀರಿನಲ್ಲೇ ಈಜಿಕೊಂಡು ಬರುವ ಬೀಜಕಣಗಳ ಪಿಥಿಯಂ ಬಂದು ಶುಂಠಿ ಗೆಡ್ಡೆ ಕೊಳೆಸುತ್ತೆ. ನಮ್ಮ ಅಡಿಕೆ ಕೊಳೆಯ ಫೈಟೊಫ್ತೊರ ಇದೇ ಬಳಗದ್ದು. 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದ ಕೆನಡಾದ ಲೆಸ್ಲಿ ಕೋಲ್ಮನ್ ಮಲೆನಾಡಿನ ಅಡಿಕೆ ಕೊಳೆಯನ್ನು ಅಭ್ಯಾಸ ಮಾಡಿ 1910ರಲ್ಲಿ ವರದಿ ಕೊಟ್ಟರು, ಗೊನೆಗೆ ಬೋರ್ಡೋ ದ್ರಾವಣ ಹೊಡೆಯೋದನ್ನು ಕಲಿಸಿದರು. ಅದಕ್ಕೂ ಮುಂಚೆ ನಮ್ಮ ಹಿರಿಯರು ಗೊನೆಗೆ ಕೊಟ್ಟೆ ಕಟ್ಟುತ್ತಿದ್ದರು. ಔಷಧಿ ಮೇಲೆ ಗೊನೆಗೆ, ಬಸಿಗಾಲುವೆ ಕೆಳಗೆ ಬೇರಿಗೆ. ಒಂದು ಮಾಡಿದೆ ಅಂತ ಇನ್ನೊಂದು ಬಿಡೋ ಹಾಗಿಲ್ಲ.

ನೀರು ಕೊಟ್ಟು, ಬಸಿಯೋದು ಮರೆತರೆ ಏನಾಗುತ್ತೆ ಅನ್ನೋದಕ್ಕೆ ದೂರ ಹೋಗಬೇಕಿಲ್ಲ. ತುಂಗಭದ್ರಾ ಅಚ್ಚುಕಟ್ಟಿನ ಸಿಂಧನೂರು, ಗಂಗಾವತಿ ಕಡೆ ಜೌಗು ಮತ್ತು ಚೌಳು ಹಿಡಿದ ಗದ್ದೆ ಇರೋರನ್ನು ಕೇಳಿ.

ಇನ್ನು ನಮ್ಮ ಕೆಲಸ. ಕೊಯ್ಲಿನ ಹತ್ತಿರವೇ ಚೀಲದಲ್ಲಿ ನೀರು ನಿಲ್ಲೋದು ಯಾಕೆ? ಆ ಹೊತ್ತಿಗೆ ಗೊಬ್ಬರ ಕರಗಿ, ಮಣ್ಣು ಕುಸಿದು ಸಂದು ಮುಚ್ಚಿರುತ್ತೆ. ಬೇರು ತಳದ ತೂತಿನ ತನಕ ತುಂಬಿರುತ್ತೆ. ಮೋಡ ಇದ್ದರೆ ಎಲೆಯೂ ನೀರು ಎಳೆಯಲ್ಲ. ಆಗ ಹೊಸ ಚೀಲಕ್ಕೆ ಬದಲಾಯಿಸಲು ಹೋಗಬೇಡಿ, ಬೇರು ಹರಿಯುತ್ತೆ. ಗೊಬ್ಬರ ಹಾಕಬೇಡಿ. ಬಾಡಿದರೂ ಮಣ್ಣು ಮುಟ್ಟಿ ನೋಡದೆ ನೀರು ಹಾಕಬೇಡಿ. ಚೀಲವನ್ನು ಕಲ್ಲಿನ ಮೇಲೆ ಎತ್ತಿಡಿ, ತೂತು ಬಿಡಿಸಿ, ಒಂದು ಗಂಟೆ ಓರೆಯಾಗಿ ನಿಲ್ಲಿಸಿ, ಸ್ಪಂಜಿನ ಹಾಗೆ ಒಂದಿಷ್ಟು ನೀರು ಇಳಿಯುತ್ತೆ. ತೂತಿಗೆ ಹತ್ತಿ ಬಟ್ಟೆಯ ಬತ್ತಿ ತೂರಿಸಿ ಕೆಳಕ್ಕೆ ಇಳಿಬಿಟ್ಟರೂ ಎಳೆಯುತ್ತೆ. ಒಂದು ಚೀಲದಲ್ಲಿ ವಾಸನೆ ಬಂತೋ, ಅದನ್ನು ದೂರ ಒಯ್ಯಿರಿ, ಉಳಿದದ್ದನ್ನು ತೂಕ ಕಡಿಮೆ ಆದರೂ ಸರಿ ಕಿತ್ತುಬಿಡಿ. ಮೂರು ವಾರ ಕಾಯೋಣ ಅಂತ ನಾನು ನಲವತ್ತೊಂದು ಚೀಲ ಕಳೆದುಕೊಂಡೆ.

ಈ ವರ್ಷ ಜಲ್ಲಿ ಇಲ್ಲ. ಎತ್ತರದ ಚೀಲ, ಮಣ್ಣಿಗೆ ದಪ್ಪ ಮರಳು, ಅಡಿಗೆ ಕಲ್ಲು. ನಾಳೆಯಿಂದ ನಮ್ಮ ಕೆಳಗಿನ ತೋಟದ ಬಸಿಗಾಲುವೆ ಹೂಳು ತೆಗೆಸ್ತಾ ಇದ್ದೀನಿ. ನನ್ನ ಕಾಲುವೆಯ ನೀರು ಕೆಳಗಿನವರ ತೋಟ ದಾಟಿಯೇ ಹಳ್ಳಕ್ಕೆ ಹೋಗಬೇಕು, ಮೇಲಿನವರದ್ದು ನನ್ನ ತೋಟಕ್ಕೆ ಬರಬೇಕು. ಹಾಗಾಗಿ ಸಾಲಿನಲ್ಲಿರೋರೆಲ್ಲ ಒಂದೇ ವಾರ ಹೂಳು ತೆಗೆದರೆ ಮಾತ್ರ ಉಪಯೋಗ. ಹಾರೆ, ಗುದ್ದಲಿ ಹಿಡಿದು ಬರೋರು ಕೆಳಗೆ ಒಂದು ಮಾತು ಬರೆದು ತಿಳಿಸಿ, ಮಧ್ಯಾಹ್ನದ ಊಟ ನಮ್ಮನೆಯಲ್ಲಿ.