ಕಿಡಿ ಎಲ್ಲಿ ಹೊತ್ತಬೇಕು? ತಡವಾಗಿ ಕೊಟ್ಟ ಒಂದು ಉತ್ತರ



ವರದೆಯು ತುಂಗಭದ್ರೆಯನ್ನು ಕೂಡುವ ನಮ್ಮ ಗಳಗನಾಥದ ಬಗ್ಗೆ, ಗಳಗೇಶ್ವರನ ಗುಡಿಯ ಬಗ್ಗೆ, ಊರಿನ ಹೆಸರನ್ನೇ ಕಾವ್ಯನಾಮವಾಗಿಸಿಕೊಂಡ ಕಾದಂಬರಿಕಾರ ವೆಂಕಟೇಶ ತಿರಕೋ ಕುಲಕರ್ಣಿಯವರ ಬಗ್ಗೆ ಬರೆಯಿರೆಂದು ನಿಮ್ಮಲ್ಲಿ ಹಲವರು ಕೇಳುತ್ತಿರುತ್ತೀರಿ. ಇಂದು ಮಾತ್ರ ಹೆಬ್ಬೆರಳಿನಷ್ಟು ದೊಡ್ಡದಾದ ಒಂದು ಯಂತ್ರಭಾಗದ ಚರಿತ್ರೆಯನ್ನು ಹೇಳಬೇಕಾಗಿದೆ. ಅದಕ್ಕೆ ಕಾರಣ, ನಾನು ತೀರಿಸದೆ ಉಳಿಸಿಕೊಂಡ ಒಂದು ಸಾಲ.

1979ರ ಮಳೆಗಾಲವೆಂದು ನೆನಪು. ಹಲಗೆಯ ಮೇಲೆ ಪೆಟ್ರೋಲ್ ಇಂಜಿನ್ನಿನ ಚಿತ್ರ ಬರೆದು, ಸಿಲಿಂಡರಿನ ನೆತ್ತಿಯ ನಟ್ಟನಡುವೆ ಸ್ಪಾರ್ಕ್ ಪ್ಲಗ್ಗನ್ನು ಗುರುತಿಸಿದ್ದೆ. ಹಿಂದಿನ ಸಾಲಿನ ಹುಡುಗನೊಬ್ಬ ಎದ್ದು ನಿಂತ. ಅವನ ಸೋದರಮಾವ ರಾಣೆಬೆನ್ನೂರಿನ ಗ್ಯಾರೇಜೊಂದರಲ್ಲಿ ಕೆಲಸಕ್ಕಿದ್ದರು.

“ಸರ, ಅಂಬಾಸಡರ್ ಗಾಡ್ಯಾಗ ಪ್ಲಗ್ಗು ನಡುವ ಇರೂದಿಲ್ರಿ, ಮಗ್ಗಲಿಗೆ ಇರತಾವ. ನಡುವ ಇದ್ರ, ಇಲ್ಲಾ ಎರಡ ಹಾಕಿದ್ರ, ಬಲ ಹೆಚ್ಚಾಗೂದಿಲ್ಲೇನ್ರಿ?”

ಪುಸ್ತಕದಲ್ಲಿ ಅದಕ್ಕೆ ಉತ್ತರವಿರಲಿಲ್ಲ, ನನ್ನಲ್ಲಿಯೂ ಇರಲಿಲ್ಲ. “ಕಿಡಿ ಹೊತ್ತಿದರ ಸಾಕು, ಎಲ್ಲಿ ಹೊತ್ತಿದರೇನು? ಕುಂಡ್ರು,” ಎಂದುಬಿಟ್ಟೆ. ತರಗತಿ ನಕ್ಕಿತು. ಹುಡುಗ ಕುಳಿತ, ಆ ವರ್ಷವಿಡೀ ಮತ್ತೆ ಏನನ್ನೂ ಕೇಳಲಿಲ್ಲ.

ನಿವೃತ್ತಿಯ ನಂತರ ಬಿಡುವಿನಲ್ಲಿ ಓದತೊಡಗಿದಾಗ ತಿಳಿಯಿತು: ಆ ಹುಡುಗ ಕೇಳಿದ್ದು ಇಂಜಿನ್ ತಜ್ಞರು ಒಂದು ಶತಮಾನದಿಂದ ಕೇಳುತ್ತ ಬಂದ ಪ್ರಶ್ನೆಯನ್ನೇ.

1860ರಲ್ಲಿ ಎತಿಯೆನ್ ಲೆನ್ವಾರ್ ತನ್ನ ಅನಿಲ ಇಂಜಿನ್ನಿನಲ್ಲಿ ವಿದ್ಯುತ್ ಕಿಡಿಯನ್ನು ಬಳಸಿದ. 1902ರಲ್ಲಿ ರಾಬರ್ಟ್ ಬಾಷ್‌ನ ಕಾರ್ಖಾನೆಯ ಗಾಟ್ಲೋಬ್ ಹೊನೋಲ್ಡ್ ಅಧಿಕ ವೋಲ್ಟೇಜಿನ ಮ್ಯಾಗ್ನೆಟೋವನ್ನೂ ಅದಕ್ಕೆ ತಕ್ಕ ಪ್ಲಗ್ಗನ್ನೂ ಸಿದ್ಧಪಡಿಸಿದ. ಅಲ್ಲಿಂದ ವೇಗದ ಇಂಜಿನ್ನುಗಳಿಗೆ ದಾರಿ ತೆರೆಯಿತು. ಕಿಡಿಯ ಸ್ಥಾನದ ಪ್ರಶ್ನೆಯೂ ಹುಟ್ಟಿತು.

ನಮ್ಮ ಹೊಲದ ಉದಾಹರಣೆಯನ್ನೇ ತೆಗೆದುಕೊಳ್ಳಿ. ಕಬ್ಬಿನ ರವದಿಗೆ ಮೂಲೆಯಲ್ಲಿ ಬೆಂಕಿ ಹಚ್ಚಿದರೆ ಅದು ಹೊಲದ ಉದ್ದಕ್ಕೂ ನಡೆಯಬೇಕು. ನಡುವೆ ಹಚ್ಚಿದರೆ ಅರ್ಧ ದಾರಿ ಸಾಕು. ಸಿಲಿಂಡರಿನಲ್ಲಿಯೂ ಉರಿ ಹಾಗೆಯೇ ಪ್ಲಗ್ಗಿನಿಂದ ಹೊರಟು ಹಬ್ಬುತ್ತದೆ. ನಿಮಿಷಕ್ಕೆ 3000 ಸುತ್ತು ತಿರುಗುವ ಇಂಜಿನ್ನಿಗೆ ಒಂದು ಸುತ್ತಿಗೆ ಸಿಗುವ ಕಾಲ ಸೆಕೆಂಡಿನ 50ರಲ್ಲಿ ಒಂದು ಭಾಗ. ಉರಿಗೆ ಸಿಗುವುದು ಅದರ ಆರೇಳರಲ್ಲಿ ಒಂದು ಪಾಲು ಮಾತ್ರ. ದಾರಿ ಉದ್ದವಾದಷ್ಟೂ ದೂರದ ಮೂಲೆಯಲ್ಲಿ ಉಳಿದ ಮಿಶ್ರಣ ಒತ್ತಡಕ್ಕೆ ಸಿಕ್ಕಿ, ಕಾದು, ಉರಿ ತಲುಪುವ ಮೊದಲೇ ತಾನಾಗಿ ಸಿಡಿಯುವ ಸಂಭವ ಹೆಚ್ಚು. ಮೆಕ್ಯಾನಿಕರು ನಾಕಿಂಗ್ ಎನ್ನುವುದು ಇದನ್ನೇ. ಮೊದಲ ಮಹಾಯುದ್ಧದ ನಂತರ ಹ್ಯಾರಿ ರಿಕಾರ್ಡೊ ಎಂಬ ಇಂಗ್ಲಿಷ್ ಇಂಜಿನಿಯರ್, ದಹನದ ಜಾಗವನ್ನು ಒತ್ತಾಗಿಸಿ ಉರಿಯ ದಾರಿಯನ್ನು ಮೊಟಕುಗೊಳಿಸಿದರೆ ಹಳೆಯ ಬಗೆಯ ಇಂಜಿನ್ನೂ ಹೆಚ್ಚು ಬಲ ಕೊಡುತ್ತದೆಂದು ತೋರಿಸಿದರು.

ಹಾಗಾದರೆ ಅಂಬಾಸಡರಿನಲ್ಲಿ ಪ್ಲಗ್ಗು ಮಗ್ಗುಲಲ್ಲೇಕೆ? ಅದರ 1489 ಸಿ.ಸಿ. ಇಂಜಿನ್ನಿನಲ್ಲಿ ಪ್ರತಿ ಸಿಲಿಂಡರಿಗೆ ಎರಡು ವಾಲ್ವುಗಳು ನೆತ್ತಿಯ ಜಾಗವನ್ನೆಲ್ಲ ಆಕ್ರಮಿಸಿದ್ದವು. ಪ್ಲಗ್ಗಿಗೆ ಉಳಿದದ್ದು ಪಕ್ಕದ ಗೋಡೆ. ಇಂಥ ಇಂಜಿನ್ನುಗಳಲ್ಲಿ ವಿನ್ಯಾಸಕಾರರು ಪ್ಲಗ್ಗನ್ನು ಸಾಮಾನ್ಯವಾಗಿ ಎಕ್ಸಾಸ್ಟ್ ವಾಲ್ವಿನ ಕಡೆಗೆ ಸರಿಸುತ್ತಿದ್ದರು. ಅತಿ ಬಿಸಿಯಾದ ಮೂಲೆ ಮೊದಲು ಉರಿದುಹೋದರೆ ಕೊನೆಗೆ ಉಳಿಯುವ ಮಿಶ್ರಣ ತಂಪಾದ ಕಡೆ ಇರುತ್ತದೆ ಎಂಬುದು ಅದರ ಲೆಕ್ಕ. ನಾಲ್ಕು ವಾಲ್ವುಗಳಿದ್ದರೆ ಅವುಗಳ ನಡುವೆ ಪ್ಲಗ್ಗಿಗೆ ಸಹಜವಾಗಿ ಸ್ಥಳ ಸಿಗುತ್ತದೆ. 1912ರ ಪ್ಯೂಜೋ ರೇಸ್ ಕಾರಿನಲ್ಲಿ ಮಾಡಿದ್ದು ಹೀಗೆಯೇ. ಇಂದಿನ ಬಹುಪಾಲು ಪೆಟ್ರೋಲ್ ಕಾರುಗಳಲ್ಲಿಯೂ ಇದೇ ಕ್ರಮ.

ಇನ್ನು ಎರಡು ಪ್ಲಗ್ಗುಗಳ ಮಾತು. ಅದಕ್ಕೆ ಸಾಕ್ಷಿ ನಮ್ಮ ಬೆಂಗಳೂರಿನಲ್ಲಿಯೇ ಇತ್ತು. ವಿ. ಎಂ. ಘಾಟಗೆಯವರ ನೇತೃತ್ವದಲ್ಲಿ ಹಿಂದುಸ್ತಾನ್ ಏರ್‌ಕ್ರಾಫ್ಟ್ ನಿರ್ಮಿಸಿದ ಎಚ್‌.ಟಿ.-2 ತರಬೇತಿ ವಿಮಾನ ಮೊದಲು ಹಾರಿದ್ದು 1951ರ ಆಗಸ್ಟಿನಲ್ಲಿ. ಅಂಥ ವಿಮಾನಗಳ ಇಂಜಿನ್ನಿನಲ್ಲಿ ಪ್ರತಿ ಸಿಲಿಂಡರಿಗೂ ಎರಡು ಪ್ಲಗ್, ಒಟ್ಟು ಎರಡು ಮ್ಯಾಗ್ನೆಟೋ. ಒಂದು ಕೈಕೊಟ್ಟರೆ ಇನ್ನೊಂದು ಇರಲೆಂಬುದು ಮುಖ್ಯ ಉದ್ದೇಶ. ಹಾರುವ ಮೊದಲು ಚಾಲಕನು ಒಂದೊಂದೇ ಮ್ಯಾಗ್ನೆಟೋವನ್ನು ಆರಿಸಿ ನೋಡುತ್ತಾನೆ. ಆಗ ಇಂಜಿನ್ ನಿಲ್ಲುವುದಿಲ್ಲ, ಆದರೆ ಸುತ್ತುಗಳು ಸ್ವಲ್ಪ ಇಳಿಯುತ್ತವೆ. ಎರಡು ಕಡೆಯಿಂದ ಹೊತ್ತಿದ ಉರಿಗೂ ಒಂದೇ ಕಡೆಯಿಂದ ಹೊತ್ತಿದ ಉರಿಗೂ ಇರುವ ಅಂತರವೇ ಆ ಇಳಿತ. 2003ರಲ್ಲಿ ಬಜಾಜ್ ಕಂಪನಿ ಪಲ್ಸರ್ ಮೋಟಾರು ಸೈಕಲ್ಲಿಗೆ ಎರಡು ಪ್ಲಗ್ ಅಳವಡಿಸಿತು. ಆ ವಿನ್ಯಾಸದ ಪೇಟೆಂಟಿಗಾಗಿ ಬಜಾಜ್ ಮತ್ತು ಟಿ.ವಿ.ಎಸ್. ನಡುವೆ ಎದ್ದ ವ್ಯಾಜ್ಯ 2009ರಲ್ಲಿ ಸುಪ್ರೀಂ ಕೋರ್ಟನ್ನೂ ಮುಟ್ಟಿತು. ನಾನು “ಎಲ್ಲಿ ಹೊತ್ತಿದರೇನು” ಎಂದ ಕಿಡಿಗಾಗಿ ಇಷ್ಟೆಲ್ಲ!

ಸ್ಥಾನ ವಿನ್ಯಾಸಕಾರನ ಕೈಯಲ್ಲಿದ್ದರೆ ಆಯ್ಕೆ ನಮ್ಮ ಕೈಯಲ್ಲಿದೆ. 1951ರಲ್ಲಿಯೇ ಹುಟ್ಟಿದ ಮೈಕೋ ಕಂಪನಿ ಬೆಂಗಳೂರಿನ ಆಡುಗೋಡಿಯಿಂದ ಪ್ಲಗ್ಗುಗಳನ್ನು ನಾಡಿಗೆಲ್ಲ ಪರಿಚಯಿಸಿತು. 2008ರಲ್ಲಿ ಅದರ ಹೆಸರು ಬಾಷ್ ಎಂದಾಯಿತು. ಪ್ಲಗ್ಗಿನ ಮೇಲಿನ ಅಂಕಿ ಅದರ ಶಾಖದ ದರ್ಜೆಯನ್ನು ಹೇಳುತ್ತದೆ. ತುದಿ ಸುಮಾರು 450 ಡಿಗ್ರಿ ಸೆಲ್ಸಿಯಸ್‌ಗಿಂತ ತಣ್ಣಗಿದ್ದರೆ ಮಸಿ ಉರಿದುಹೋಗದೆ ಕಟ್ಟಿಕೊಳ್ಳುತ್ತದೆ. 850 ಡಿಗ್ರಿಯನ್ನು ಬಹಳ ಮೀರಿದರೆ ಕಿಡಿ ಬರುವ ಮೊದಲೇ ಮಿಶ್ರಣ ಹೊತ್ತಿಕೊಂಡು ಪಿಸ್ಟನ್ನಿಗೇ ಅಪಾಯ. ಒಂದು ಕಂಪನಿಯಲ್ಲಿ ದೊಡ್ಡ ಅಂಕಿ ತಂಪು ಪ್ಲಗ್ಗಾದರೆ ಇನ್ನೊಂದರಲ್ಲಿ ಅದೇ ಬಿಸಿ ಪ್ಲಗ್ಗಾಗಿರಬಹುದು. ಆದ್ದರಿಂದ ಅಂಕಿಯನ್ನಷ್ಟೇ ನೋಡಿ ಕೊಳ್ಳಬಾರದು. ಇರಿಡಿಯಂ ತುದಿಯ ದುಬಾರಿ ಪ್ಲಗ್ ಹೆಚ್ಚು ಕಾಲ ಬಾಳುತ್ತದೆ, ನಿಜ. ಸುಸ್ಥಿತಿಯ ಇಂಜಿನ್ನಿಗೆ ಅದು ಹೇಳಿಕೊಳ್ಳುವಷ್ಟು ಹೊಸ ಬಲವನ್ನೇನೂ ತಂದುಕೊಡುವುದಿಲ್ಲ. ಸರಿಯಾದ ಪ್ಲಗ್ ಇಂಜಿನ್ನಿನಲ್ಲಿ ಇರುವ ಬಲವನ್ನು ಉಳಿಸುತ್ತದೆ. ತಪ್ಪು ಪ್ಲಗ್ ಅದನ್ನು ಕಸಿಯುತ್ತದೆ.

ಕೆಲವು ವರ್ಷಗಳ ಹಿಂದೆ ಸಂಬಂಧಿಕರ ಕಾರು ರಾಣೆಬೆನ್ನೂರಿನ ಬಳಿ ಹೆದ್ದಾರಿಯಲ್ಲಿ ಮುಗ್ಗರಿಸತೊಡಗಿತು. ಹತ್ತಿರದ ಗ್ಯಾರೇಜಿಗೆ ಹೋದೆವು. ನರೆತ ಕೂದಲಿನ ಮೆಕ್ಯಾನಿಕ್ ಪ್ಲಗ್ಗುಗಳನ್ನು ಬಿಚ್ಚಿ ಹಾಳೆಯ ಮೇಲೆ ಸಾಲಾಗಿಟ್ಟು, ವೈದ್ಯನು ನಾಲಗೆ ನೋಡುವಂತೆ ಒಂದೊಂದನ್ನೂ ನೋಡಿದರು. ಮೂರು ತಿಳಿಗಂದು, ಒಂದು ಕಪ್ಪು ಮಸಿ. “ಈ ಮೂರೂ ಆರಾಮ ಅದಾವ. ಇದೊಂದ ಸಿಲಿಂಡರ್ ಸರಿಯಾಗಿ ಉರಿಯವಲ್ಲದು,” ಎಂದರು. ಆಮೇಲೆ ತಲೆಯೆತ್ತಿ ನನ್ನನ್ನೇ ದಿಟ್ಟಿಸಿ, ಕೈಮುಗಿದು ನಕ್ಕರು. “ಗುರುತು ಸಿಗಲಿಲ್ಲೇನ್ರಿ ಸರ? ಅವತ್ತ ನೀವು ಕುಂಡ್ರು ಅಂದಿದ್ರಿ.”

ಆ ಮಾತಿನಲ್ಲಿ ಕಹಿಯಿರಲಿಲ್ಲ. ನನಗೆ ಮಾತ್ರ ಉತ್ತರ ಹೊರಡಲಿಲ್ಲ. ಹಣ ಕೊಡಹೋದರೆ ತೆಗೆದುಕೊಳ್ಳಲಿಲ್ಲ.

ಮೂವತ್ತಕ್ಕೂ ಹೆಚ್ಚು ವರ್ಷ ಪಾಠ ಹೇಳಿದವನು ಇಂದು ಒಪ್ಪಿಕೊಳ್ಳುತ್ತಿದ್ದೇನೆ: ಅಂದು “ಗೊತ್ತಿಲ್ಲ, ನಾಳೆ ನೋಡಿಕೊಂಡು ಬಂದು ಹೇಳುತ್ತೇನೆ” ಎಂದಿದ್ದರೆ ಸಾಕಾಗಿತ್ತು. ನಿಮ್ಮಲ್ಲಿ ಹಲವರು ಈಗ ಶಿಕ್ಷಕರಾಗಿದ್ದೀರಿ, ತಂದೆತಾಯಿಗಳಾಗಿದ್ದೀರಿ. ಮಗು ಚಿತ್ರಕ್ಕೂ ವಸ್ತುವಿಗೂ ಇರುವ ವ್ಯತ್ಯಾಸವನ್ನು ಕಂಡು ಎದ್ದು ನಿಂತಾಗ ದಯವಿಟ್ಟು ಕುಳ್ಳಿರಿಸಬೇಡಿ.

ಈ ಬರಹವನ್ನು ಅಚ್ಚು ತೆಗೆಸಿಟ್ಟಿದ್ದೇನೆ. ಮುಂದಿನ ವಾರ ರಾಣೆಬೆನ್ನೂರಿಗೆ ಹೋಗಿ ಅವನ ಕೈಗೇ ಕೊಟ್ಟು ಬರುವೆ. ತಪ್ಪಿದ್ದರೆ ಈ ಸಲ ಅವನೇ ತಿದ್ದಲಿ.