ಹಳಿ ಮತ್ತು ಊರು: ಕೊಪ್ಪಳ ಸೀಮೆಯ ರೈಲುದಾರಿಗಳ ತುಲನೆ

ಮಹಾನಗರಗಳ ರೈಲುವ್ಯವಸ್ಥೆಗಳನ್ನು ತುಲನೆ ಮಾಡುವವರು ಸಾಮಾನ್ಯವಾಗಿ ಹಳಿಯ ಉದ್ದ, ನಿಲ್ದಾಣಗಳ ಸಂಖ್ಯೆ, ಆರಂಭದ ವರ್ಷ ಇವುಗಳನ್ನೇ ಅಳತೆಗೋಲಾಗಿ ಹಿಡಿಯುತ್ತಾರೆ. ಇದಕ್ಕಿಂತ ಮೂಲಭೂತವಾದ ಪ್ರಶ್ನೆಯೊಂದುಂಟು: ಹಳಿಯನ್ನು ಹಾಕಿದುದು ಯಾರ ಪ್ರಯಾಣಕ್ಕಾಗಿ? ಮುಂಬಯಿಯಲ್ಲಿ 1925ರಲ್ಲಿಯೂ ಮದ್ರಾಸಿನಲ್ಲಿ 1931ರಲ್ಲಿಯೂ ವಿದ್ಯುತ್ ರೈಲು ಓಡತೊಡಗಿದುದು ಉಪನಗರವಾಸಿಗಳ ನಿತ್ಯದ ಓಡಾಟಕ್ಕಾಗಿ. ಬೆಂಗಳೂರಿನಲ್ಲಿ 2011ರಲ್ಲಿ, ಹೈದರಾಬಾದಿನಲ್ಲಿ 2017ರಲ್ಲಿ ಆರಂಭವಾದ ಮೆಟ್ರೋಗಳ ಉದ್ದೇಶವೂ ಇದೇ. ಅಲ್ಲಿ ಊರೇ ಗುರಿ. ಈ ಪ್ರಶ್ನೆಯನ್ನು ಕೊಪ್ಪಳ, ಗಂಗಾವತಿ, ಯಲಬುರ್ಗಾ, ಕುಷ್ಟಗಿಗಳಿಗೆ ಅನ್ವಯಿಸಿದರೆ ದೊರೆಯುವ ಉತ್ತರ ಬೇರೆ.

ಕೊಪ್ಪಳಕ್ಕೆ ರೈಲು ಬಂದುದು 1880ರ ದಶಕದಲ್ಲಿ. 1876-78ರ ಭೀಕರ ಕ್ಷಾಮದ ಅನುಭವವು ಸದರ್ನ್ ಮರಾಠಾ ರೈಲ್ವೆಯ ಸ್ಥಾಪನೆಗೆ ಒಂದು ಮುಖ್ಯ ಪ್ರೇರಣೆಯಾಗಿತ್ತು. ಆ ಕಂಪನಿಯ ಗದಗ-ಹೊಸಪೇಟೆ ಮೀಟರ್‌ಗೇಜ್ ಹಳಿ ಬ್ರಿಟಿಷರ ಧಾರವಾಡವನ್ನೂ ಬಳ್ಳಾರಿಯನ್ನೂ ಜೋಡಿಸಿತು. ನಡುವಿನ ಕೊಪ್ಪಳ ನಿಜಾಮರ ರಾಜ್ಯದಲ್ಲಿ ಸಾಲಾರ್ ಜಂಗರ ಜಾಗೀರಿಗೆ ಸೇರಿತ್ತು. ಹಳಿ ಅದನ್ನು ಹಾದುಹೋಯಿತು, ಅಷ್ಟೆ. ಇದರ ಪರಿಣಾಮವನ್ನು ಜನರು ಬಹುಕಾಲ ಅನುಭವಿಸಿದರು. 1997ರವರೆಗೆ ತಮ್ಮ ಜಿಲ್ಲಾ ಕೇಂದ್ರವಾಗಿದ್ದ ರಾಯಚೂರಿಗೆ ರೈಲಿನಲ್ಲಿ ಹೋಗಬೇಕೆಂದರೆ ಬಳ್ಳಾರಿ, ಗುಂತಕಲ್ಲುಗಳ ಮಾರ್ಗವಾಗಿ ಸುತ್ತಬೇಕಾಗಿತ್ತು. ಪರರಾಜ್ಯದ ಹುಬ್ಬಳ್ಳಿ ಹತ್ತಿರವಾಯಿತು. ಸ್ವಂತ ಜಿಲ್ಲೆಯ ಕಚೇರಿ ದೂರವೇ ಉಳಿಯಿತು.

ಗಂಗಾವತಿಯ ಸ್ಥಿತಿ ಇನ್ನೂ ವಿಚಿತ್ರವಾದುದು. ತುಂಗಭದ್ರೆಯ ಎಡದಂಡೆ ಕಾಲುವೆಯ ನೀರಿನಿಂದ ಅದು ಭತ್ತದ ಕಣಜವಾಯಿತು, ಅಕ್ಕಿ ಗಿರಣಿಗಳ ಊರಾಯಿತು. ಆದರೆ ಅಕ್ಕಿಯ ಮೂಟೆಗಳು ಲಾರಿಯನ್ನೇ ನೆಚ್ಚಬೇಕಾಯಿತು. ರಾಯಚೂರನ್ನು ನೇರವಾಗಿ ಮುಟ್ಟುವ ಉದ್ದೇಶದ ಮುನಿರಾಬಾದ್-ಮಹಬೂಬನಗರ ಮಾರ್ಗ ಮಂಜೂರಾದುದು 1997-98ರಲ್ಲಿ, ಎಂದರೆ ಕೊಪ್ಪಳವು ರಾಯಚೂರಿನಿಂದ ಬೇರ್ಪಟ್ಟು ಪ್ರತ್ಯೇಕ ಜಿಲ್ಲೆಯಾದ ಹೊತ್ತಿನಲ್ಲಿ! ಆ ಮಾರ್ಗದಲ್ಲಿ ಗಂಗಾವತಿಗೆ ರೈಲು ತಲುಪಿದುದು 2019ರಲ್ಲಿ, ಸಿಂಧನೂರಿಗೆ 2024ರಲ್ಲಿ.

ಯಲಬುರ್ಗಾ, ಕುಷ್ಟಗಿಗಳು ಗದಗ-ವಾಡಿ ಮಾರ್ಗಕ್ಕಾಗಿ ಕಾದವು. 2013-14ರಲ್ಲಿ ಮಂಜೂರಾದ ಈ ಮಾರ್ಗ ಹಳೆಯ ಹಳಿಯ ಮೇಲಿನ ತಳಕಲ್ಲಿನಲ್ಲಿ ಕವಲೊಡೆದು, ಕುಕನೂರು-ಯಲಬುರ್ಗಾ ಸೀಮೆಯನ್ನು ಹಾಯ್ದು, 2025ರ ಮೇ ತಿಂಗಳಲ್ಲಿ ಕುಷ್ಟಗಿಯನ್ನು ಮುಟ್ಟಿತು. ಕೊಪ್ಪಳಕ್ಕೂ ಕುಷ್ಟಗಿಗೂ ನಡುವಿನ ಅಂತರ ಸುಮಾರು 140 ವರ್ಷಗಳು.

ಈ ಅಂತರವನ್ನು ಕೇವಲ ವಿಳಂಬವೆಂದು ಬಗೆಯುವುದು ಸರಿಯಲ್ಲವೆಂದು ನಮ್ಮ ಅಭಿಪ್ರಾಯ. ಮೊದಲು ಹಳಿ ಕಂಡ ಕೊಪ್ಪಳ ದಾರಿಯ ನಡುವಿನ ನಿಲುಗಡೆ ಮಾತ್ರವಾಗಿತ್ತು. ಕಡೆಗೆ ಹಳಿ ಕಂಡ ಕುಷ್ಟಗಿಯಿಂದಲೋ ಹುಬ್ಬಳ್ಳಿಗೆ ಗಾಡಿಯೇ ಹೊರಡುವಂತಾಯಿತು. ಆದರೆ ಈ ಭಾಗ್ಯಕ್ಕೆ ಕಾರಣ ಹಳಿ ಸದ್ಯಕ್ಕೆ ಅಲ್ಲಿಯೇ ಕೊನೆಗೊಂಡಿರುವುದು. ಅದು ವಾಡಿಯವರೆಗೆ ಬೆಳೆದ ಮೇಲೆ ಕುಷ್ಟಗಿಯೂ ಇನ್ನೊಂದು ನಿಲುಗಡೆಯಾದೀತೆ? ಆದುದರಿಂದ ರೈಲಿನ ಇತಿಹಾಸವನ್ನು ಬರೆಯುವವರು ಉದ್ಘಾಟನೆಯ ವರ್ಷದೊಡನೆ ವೇಳಾಪಟ್ಟಿಯನ್ನೂ ಓದತಕ್ಕದ್ದು. ಗಾಡಿ ಯಾವ ಊರಿನಿಂದ, ಯಾವ ಹೊತ್ತಿಗೆ, ಎಲ್ಲಿಗೆ ಹೊರಡುವುದೆಂಬುದರಲ್ಲಿಯೇ ಹಳಿ ಯಾರದೆಂಬುದು ತಿಳಿಯುವುದು.